ಲೋಟದ ಕೆಳಗಿನ ರೋಟರ್

ಸೋಮವಾರ ಬೆಳಿಗ್ಗೆ ಧರ್ಮೇಂದ್ರ ಹೊಳೆನರಸೀಪುರದ ಪೇಟೆ ಬೀದಿಯ ಒಂದು ಮನೆಯ ಶೆಡ್ಡಿನಲ್ಲಿ ಕಪ್ಪು ಮಾರಿಸ್ ಮೈನರ್ ಕಾರಿನ ಬಾನೆಟ್ ಎತ್ತಿ ನಿಲ್ಲಿಸಿದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಹಿಡಿದಿಟ್ಟ ಎರಡು ಕ್ಲಿಪ್ಪುಗಳನ್ನು ಹೆಬ್ಬೆರಳಿನಿಂದ ಬಿಡಿಸಿ, ಮುಚ್ಚಳ ಪಕ್ಕಕ್ಕೆ ಸರಿಸಿ, ಟಾರ್ಚ್ ಬಿಟ್ಟು ನೋಡಿದರು. ಹೋದ ವಾರ ತಾವೇ ಕತ್ತರಿಸಿ ಒಳಗೆ ಸಿಕ್ಕಿಸಿದ್ದ ಲಗ್ನಪತ್ರಿಕೆಯ ಚೂರು ಅಲ್ಲಿರಲಿಲ್ಲ. ಅದರ ಮೇಲೆ ಕೂರಬೇಕಾದ ರೋಟರ್ ಕೂಡ ಇರಲಿಲ್ಲ.

ಪಾಯಿಂಟ್ ಎರಡೂ ಆಗತಾನೆ ಉಜ್ಜಿದಂತೆ ಹೊಳೆಯುತ್ತಿದ್ದವು. ಲೋಹ ಉಜ್ಜುವ ಅರ ಆಡಿಸಿದ ಸಣ್ಣ ಗೆರೆಗಳು ಎಡಕ್ಕೆ ವಾಲಿದ್ದವು. ಬಲಗೈಯಲ್ಲಿ ಉಜ್ಜಿದರೆ ಗೆರೆ ಹಾಗೆ ಬೀಳುವುದಿಲ್ಲ. ಧರ್ಮೇಂದ್ರ ಕಿರುಬೆರಳನ್ನು ಒಳಗೆ ಇಳಿಸಿ, ಮುಟ್ಟಿ, ಮೂಗಿನ ಹತ್ತಿರ ತಂದರು. ಹರಳೆಣ್ಣೆಯ ವಾಸನೆ.

ಪಾಯಿಂಟಿಗೆ ಹರಳೆಣ್ಣೆ ಹಚ್ಚುವವರನ್ನು ಅವರು ಜೀವಮಾನದಲ್ಲಿ ಕಂಡಿದ್ದು ಒಬ್ಬರನ್ನೇ. ಆ ಮನುಷ್ಯ ಎಡಚ. ಹೆಸರು ಮಂಚಯ್ಯ, ಧರ್ಮೇಂದ್ರರ ತಂದೆ. ಹೋದ ವರ್ಷ ತೀರಿಕೊಂಡ ಅವರನ್ನು ಹಾಸನದ ಹತ್ತಿರದ ಊರು ದುದ್ದದಲ್ಲಿ, ತಮ್ಮದೇ ಹೊಲದ ಬದುವಿನ ಪಕ್ಕ ಮಣ್ಣು ಮಾಡಿದ್ದಾರೆ. ಮೊದಲ ಹಿಡಿ ಮಣ್ಣು ಹಾಕಿದ್ದು ಧರ್ಮೇಂದ್ರರೇ.

ಮನೆಯ ಸೊಸೆ ಸೌಜನ್ಯ ಸ್ಟೀಲ್ ಲೋಟದಲ್ಲಿ ಕಾಫಿ ತಂದರು.

“ಕಾಗದ ಇದೆಯಾ ಧರ್ಮಣ್ಣ?”

“ಇಲ್ಲ ಮೇಡಂ.”

“ರೋಟರ್ರು?”

ಧರ್ಮೇಂದ್ರ ಗೇಟು ದಾಟಿ ಬೀದಿಗೆ ಬಂದರು. ಕಾಂಪೌಂಡಿನ ಹೊರಮುಖಕ್ಕೆ, ಹೊಂಗೆ ಮರದ ಎದುರು, ಒಂದು ಗೂಡು ಇದೆ. ಗೂಡಿನಲ್ಲಿ ಒಂದು ದಪ್ಪ ಗಾಜಿನ ಲೋಟ ಕವುಚಿಟ್ಟಿತ್ತು. ಅಂಚಿನಲ್ಲಿ ಇನ್ನೂ ನೀರಿನ ಹನಿ ಇತ್ತು. ಅವರು ಲೋಟ ಎತ್ತಿದರು. ಕೆಳಗೆ ರೋಟರ್ ಇತ್ತು, ಒರೆಸಿ ಇಟ್ಟಿದ್ದು.

ಸೌಜನ್ಯ ಅವರ ಮುಖ ನೋಡಿದರು.

ಹಳೆಯ ಕಾರುಗಳಲ್ಲಿ ಕಿಡಿ ಹುಟ್ಟುವುದು ಈ ಪಾಯಿಂಟುಗಳಲ್ಲಿ. ಹೆಸರುಕಾಳಿನಷ್ಟು ಅಗಲದ ಎರಡು ಲೋಹದ ಮೊನೆಗಳು ಇಂಜಿನ್ ತಿರುಗಿದಂತೆ ಕೂಡುತ್ತವೆ, ಬಿಡುತ್ತವೆ. ಬಿಟ್ಟಾಗಲೆಲ್ಲ ಒಂದು ಕಿಡಿ. ಆ ಕಿಡಿಯನ್ನು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವುದು ಅವುಗಳ ಮೇಲೆ ಕೂತು ತಿರುಗುವ ರೋಟರ್ ಎಂಬ ಸಣ್ಣ ತುಂಡು. ಮೊನೆಗಳ ನಡುವೆ ಪೋಸ್ಟ್ ಕಾರ್ಡಿನ ದಪ್ಪದಷ್ಟು ಸಂದು ಇರಬೇಕು. ಕಾರು ಓಡಿಸಿದರೆ ಮೊನೆಗಳು ಸುಡುತ್ತವೆ. ಒಂದರಲ್ಲಿ ಗುಳಿ ಬೀಳುತ್ತದೆ, ಇನ್ನೊಂದರಲ್ಲಿ ಗುಬುಟು ಏಳುತ್ತದೆ. ಓಡಿಸದೆ ನಿಲ್ಲಿಸಿದರೆ ಕಿಲುಬು ಹಿಡಿಯುತ್ತದೆ. ಹೇಗಿದ್ದರೂ ಯಾರೋ ಒಬ್ಬರು ಬಂದು ಉಜ್ಜಬೇಕು.

ಹಾಸನದ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಧರ್ಮೇಂದ್ರರ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ದಿನದ ಕೆಲಸ ಟ್ರ್ಯಾಕ್ಟರ್ ವೈರಿಂಗ್, ಆಟೋ ಹಾರನ್, ಲಾರಿಗಳ ಸೆಲ್ಫ್ ಮೋಟಾರು. ಮೇಲಿನ ಹಲಗೆಯಲ್ಲಿ ಒಂದು ಚಿಕ್ಕ ಬುದ್ಧನ ಮೂರ್ತಿ, ಅದರ ಪಕ್ಕ ಅಪ್ಪನ ಅರ. ಪಾಯಿಂಟಿನ ಕೆಲಸ ಈಗ ಯಾರಿಗೂ ಬೇಕಿಲ್ಲ. ಚನ್ನರಾಯಪಟ್ಟಣದ ವಕೀಲರೊಬ್ಬರ ಫಿಯಟ್, ಅರಕಲಗೂಡಿನ ಒಂದು ಜೀಪು, ಹೊಳೆನರಸೀಪುರದ ಈ ಮಾರಿಸ್: ಅಷ್ಟೇ ಉಳಿದಿರುವುದು. ಮೂರೂ ಅಪ್ಪನಿಂದ ಬಂದವು.

ಮಂಚಯ್ಯ ಕೆಲಸ ಮಾಡುವ ರೀತಿ ಬೇರೆಯವರದಂತೆ ಇರಲಿಲ್ಲ. ಶುರು ಮಾಡುವ ಮೊದಲು ನಾಲಿಗೆಯನ್ನು ಅಂಗುಳಿಗೆ ಬಡಿದು ಲೊಚ್ ಎಂದು ಒಂದು ಸದ್ದು. ಆಮೇಲೆ ಎಡಗೈಯಲ್ಲಿ ಅರ. ಉಜ್ಜಿದ ಮೇಲೆ ಲಗ್ನಪತ್ರಿಕೆಯ ಗಟ್ಟಿ ಕಾಗದವನ್ನು ಸಣ್ಣಗೆ ಕತ್ತರಿಸಿ ಮೊನೆಗಳ ನಡುವೆ ಎಳೆಯುತ್ತಿದ್ದರು. ಬಟ್ಟೆಯಾದರೆ ಎಳೆ ಬಿಡುತ್ತದೆ, ಇದು ಬಿಡುವುದಿಲ್ಲ. ಕೊನೆಗೆ ತಿರುಗುವ ದಂಡಕ್ಕೆ ಪಾಯಿಂಟಿನ ಹಿಮ್ಮಡಿ ತಾಗುವ ಜಾಗಕ್ಕೆ ಒಂದು ಹನಿ ಹರಳೆಣ್ಣೆ. ಗ್ರೀಸು ಬಿಸಿಗೆ ಕರಗಿ ಮೊನೆಗೆ ಸಿಡಿಯುತ್ತದೆ ಎಂಬುದು ಅವರ ವಾದ. ಮಗ ಮಾತ್ರ ಗ್ರೀಸನ್ನೇ ಹಚ್ಚುತ್ತಿದ್ದರು. ಅದರ ಬಗ್ಗೆ ಇಬ್ಬರಿಗೂ ಕಡೇತನಕ ಜಗಳವಿತ್ತು.

ಮಾರಿಸ್ ಕಾರಿನ ಯಜಮಾನರು ಪಾಲಾಕ್ಷ. ಪೇಟೆಯಲ್ಲಿ ಗೊಬ್ಬರ, ಬೀಜದ ಅಂಗಡಿ. ಈಗ ಅದನ್ನು ಮಗ ಕಾಂತರಾಜು ನೋಡಿಕೊಳ್ಳುತ್ತಾರೆ. ಮಂಚಯ್ಯ ಈ ಕಾರಿನ ಕೆಲಸಕ್ಕೆ ಬರಲು ಶುರು ಮಾಡಿದ್ದು ಅವರಿಗೂ ಪಾಲಾಕ್ಷರಿಗೂ ಇನ್ನೂ ಮೀಸೆ ಚಿಗುರುತ್ತಿದ್ದಾಗ. ಅಂದಿನಿಂದ ಕಡೆಯವರೆಗೂ ಅವರು ಆ ಶೆಡ್ಡಿನೊಳಗೆ ಕಾಲಿಟ್ಟವರಲ್ಲ. ಮಂಚಯ್ಯ ಬರುವ ದಿನ ಮನೆಯವರೇ ಕಾರನ್ನು ಹೊರಗೆ ಬಿಡುತ್ತಿದ್ದರು. ಶೆಡ್ಡಿನ ನೆಲ ಬೀದಿಗೆ ಇಳಿಜಾರು. ಬ್ರೇಕ್ ಸಡಿಲಿಸಿದರೆ ಕಾರು ತಾನಾಗಿ ಹಿಂದಕ್ಕೆ ಉರುಳಿ ಹೊಂಗೆ ಮರದ ಬೇರಿಗೆ ತಾಗಿ ನಿಲ್ಲುತ್ತದೆ. ಮಂಚಯ್ಯ ಅಲ್ಲಿ ಕೆಲಸ ಮಾಡುತ್ತಿದ್ದರು. ಪಾಲಾಕ್ಷ ಜಗಲಿಯ ಮೇಲೆ ಕೈ ಹಿಂದೆ ಕಟ್ಟಿ ನಿಂತು, ಅರ ಎಳೆದ ಒಂದೊಂದು ಎಳೆತವನ್ನೂ ನೋಡುತ್ತಿದ್ದರು. ಕಾಫಿಯನ್ನು ಗೂಡಿನ ಲೋಟಕ್ಕೆ ಮೇಲಿಂದ ಬಿಡುತ್ತಿದ್ದರು. ಕುಡಿದವರೇ ಬೀದಿ ನಲ್ಲಿಯಲ್ಲಿ ತೊಳೆದು ಕವುಚಿಡಬೇಕು.

ಒಂದು ಸಲ ಮಂಚಯ್ಯನವರ ಬೆರಳು ಒಳಗಿರುವಾಗಲೇ ಪಾಲಾಕ್ಷ ಕಾರು ಹತ್ತಿ ಚಾವಿ ತಿರುಗಿಸಿದ್ದರು. ಬೆರಳಿನ ಉಗುರು ಹೋಯಿತು. ಅಂದಿನಿಂದ ಮಂಚಯ್ಯ ಮೊದಲು ರೋಟರ್ ತೆಗೆದು, ಕಾಫಿ ಕುಡಿದು ತೊಳೆದ ಲೋಟದ ಕೆಳಗೆ ಇಡುವ ಪದ್ಧತಿ ಮಾಡಿಕೊಂಡರು. ಆ ಲೋಟವನ್ನು ಮನೆಯವರು ಯಾರೂ ಮುಟ್ಟುವುದಿಲ್ಲ. ಹಾಗಾಗಿ ರೋಟರನ್ನೂ ಯಾರೂ ಮುಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ನೆಲ ನೋಡುತ್ತ ಜಗಲಿಯ ಮೇಲಿನ ಯಜಮಾನರನ್ನು ಕೇಳುತ್ತಿದ್ದರು: “ಬುದ್ಧೀ, ಸುರು ಮಾಡ್ಲಾ?” ಪಾಲಾಕ್ಷ ತಲೆ ಆಡಿಸಿದರೆ ರೋಟರ್ ಒಳಗೆ ಹೋಗುತ್ತಿತ್ತು. ಮನಸ್ಸಿಗೆ ಬರದಿದ್ದರೆ ಅವರದು ಒಂದೇ ಮಾತು: “ಇವತ್ತು ಬ್ಯಾಡ. ನಾಳೆ ಬಾ.” ಮಂಚಯ್ಯ ದುದ್ದಕ್ಕೆ ಹೋಗಿ ಮರುದಿನ ಮತ್ತೆ ಬರುತ್ತಿದ್ದರು.

ಕಣ್ಣು ಮಂಜಾದ ಮೇಲೆ ಅಪ್ಪನನ್ನು ಬೈಕಿನಲ್ಲಿ ಕರೆತರುತ್ತಿದ್ದ ಧರ್ಮೇಂದ್ರ ಇದನ್ನು ಒಂದೆರಡು ಸಲ ಕಣ್ಣಾರೆ ಕಂಡರು. ಆಮೇಲೆ ಒಂದು ದಿನ ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬರೇ ನೇರ ಶೆಡ್ಡಿನೊಳಗೆ ನಡೆದರು. ಯಾರೂ ಏನೂ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಪಾಲಾಕ್ಷರಿಗೆ ಮರೆವು ಶುರುವಾಗಿತ್ತು. ಯಾರು ಎಲ್ಲಿ ನಿಲ್ಲಬೇಕೆಂಬುದು ಅವರ ನೆನಪಿನಿಂದ ಜಾರುತ್ತಿತ್ತು.

ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು. ಸುಮ್ಮನೆ ಕೂತಾಗ ಕೈ ನಡುಗುತ್ತಿತ್ತು. ಆದರೆ ಕಾರು ಓಡಿಸುವುದನ್ನು ಮಾತ್ರ ಅವರು ಮರೆಯಲಿಲ್ಲ. ಹೋದ ಬೇಸಿಗೆಯಲ್ಲಿ ಮೊಮ್ಮಗಳು ಸಿಂಧುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ರೌಂಡು ಬರುತ್ತೇನೆಂದು ಹೊರಟವರು ಸಂಜೆಯಾದರೂ ಬರಲಿಲ್ಲ. ಗೊರೂರಿನ ಹಿನ್ನೀರಿನ ದಂಡೆಯಲ್ಲಿ ಮೀನು ಹಿಡಿಯುವವರು ಕಾರನ್ನು ಕಂಡರು. ಮುಂದಿನ ಚಕ್ರಗಳು ನೀರಿನಲ್ಲಿದ್ದವು. ಇಂಜಿನ್ ಓಡುತ್ತಿತ್ತು. ಮಗು ಸೀಟಿನ ಮೇಲೆ ಮೊಣಕಾಲೂರಿ ಗಾಜು ಬಡಿಯುತ್ತಿತ್ತು. ಪಾಲಾಕ್ಷ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಮನೆ ಎಲ್ಲಿ ಹೋಯಿತೆಂದು ಕೇಳುತ್ತಿದ್ದರು.

ಅಂದಿನಿಂದ ಸೌಜನ್ಯರಿಗೆ ಒಂದೇ ಚಿಂತೆ: ಆ ಕಾರು ಮತ್ತೆ ಏಳಬಾರದು. ಚಾವಿ ಬಚ್ಚಿಟ್ಟರೆ ಮಾವ ಡ್ಯಾಶ್‌ಬೋರ್ಡಿನ ಕೆಳಗಿನ ವೈರು ಸುತ್ತಿದರು. ಬ್ಯಾಟರಿ ತೆಗೆದರೆ ಅಂಗಡಿಯ ಆಳನ್ನು ಕಳಿಸಿ ಬೇರೆ ತರಿಸಿದರು. ಕಾರು ಮಾರುತ್ತೇವೆ ಎಂದ ದಿನ ಊಟ ಬಿಟ್ಟರು.

“ಕೊಡಲ್ಲ ಅಂದ್ರೆ ಕೈಗೆ ಸಿಕ್ಕಿದ್ದು ಎಸೀತಾರೆ, ಕೆಟ್ಟಿದೆ ಅಂದ್ರೆ ಸುಮ್ನಾಗ್ತಾರೆ,” ಎಂದು ಅವರು ಧರ್ಮೇಂದ್ರರಿಗೆ ಹೇಳಿದ್ದರು. “ಕೆಟ್ಟೇ ಇರ್ಲಿ ಧರ್ಮಣ್ಣ. ಆದ್ರೆ ಏನು ಕೆಟ್ಟಿದೆ ಅಂತ ಯಾರಿಗೂ ಕಾಣ್ಬಾರ್ದು.”

ಹಾಗಾಗಿ ಧರ್ಮೇಂದ್ರ ಲಗ್ನಪತ್ರಿಕೆಯ ಒಂದು ಚೂರನ್ನು ಮೊನೆಗಳ ನಡುವೆ ಸಿಕ್ಕಿಸಿ ಮುಚ್ಚಳ ಹಾಕಿದರು. ಕಾಗದ ಇರುವವರೆಗೆ ಕಿಡಿ ಇಲ್ಲ. ಪಾಲಾಕ್ಷ ಒಂದೆರಡು ದಿನ ಸೆಲ್ಫ್ ಎಳೆದು ನೋಡಿದರು. ಆಮೇಲೆ ಈ ಕಾರು ಕೆಟ್ಟಾಗಲೆಲ್ಲ ಹೇಳುತ್ತಿದ್ದ ಮಾತನ್ನೇ ಹೇಳಿದರು: “ಮಂಚಂಗೆ ಹೇಳ್ಕಳ್ಸಿ.” ಮನೆಯವರು, ಹೇಳಿದ್ದೇವೆ, ಬರುತ್ತಾನೆ ಎಂದರು.

ಮುಂದಿನ ಸೋಮವಾರ ಬಂದಾಗ ಕಾಗದ ಕಾಣೆಯಾಗಿತ್ತು. ಜಾರಿ ಬಿದ್ದಿರಬೇಕೆಂದು ಧರ್ಮೇಂದ್ರ ಇನ್ನೊಂದು ಇಟ್ಟರು. ಮರುವಾರ ಅದೂ ಇರಲಿಲ್ಲ. ಕಾರು ಹೊಂಗೆ ಮರದ ಕೆಳಗೆ ನಿಂತಿತ್ತು. ಗಂಡ ಹೊರಗೆ ಬಿಟ್ಟಿರಬೇಕೆಂದು ಸೌಜನ್ಯ ಅಂದುಕೊಂಡಿದ್ದರು, ಹೆಂಡತಿ ಬಿಡಿಸಿರಬೇಕೆಂದು ಕಾಂತರಾಜು. ಹಾಗೆ ಹೊರಗೆ ಬಂದಾಗಲೆಲ್ಲ ಅಂಗಡಿಯ ಆಳುಗಳು ಕಾರನ್ನು ಮತ್ತೆ ಶೆಡ್ಡಿಗೆ ತಳ್ಳುತ್ತಿದ್ದರು. ಆಮೇಲಿನ ವಾರಗಳಲ್ಲಿ ಹರಳೆಣ್ಣೆ ಬಂತು, ಎಡಕ್ಕೆ ವಾಲಿದ ಗೆರೆ ಬಂತು, ಅಷ್ಟು ದಿನ ಧೂಳು ಹಿಡಿದು ಬಿದ್ದಿದ್ದ ಲೋಟ ತೊಳೆದುಕೊಂಡು ಕವುಚಿ ಕೂತಿತು. ಒಂದೇ ಸಮಾಧಾನವೆಂದರೆ ಪ್ರತಿ ಸಲವೂ ರೋಟರ್ ಲೋಟದ ಕೆಳಗೇ ಇರುತ್ತಿತ್ತು. ಕಾರು ಏಳಲು ಒಂದು ಹೆಜ್ಜೆ ಬಾಕಿ ಉಳಿದಿರುತ್ತಿತ್ತು. ಆ ಹೆಜ್ಜೆ ಯಾವ ದಿನ ಮುಗಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಪಾಲಾಕ್ಷರ ಹೆಂಡತಿ ನೀಲಾಂಬಿಕೆಯವರಿಗೆ ಮಾತ್ರ ಅನುಮಾನವಿರಲಿಲ್ಲ. ಆ ಸೋಮವಾರ ಧರ್ಮೇಂದ್ರ ರೋಟರ್ ಹಿಡಿದು ಗೇಟಿನ ಹತ್ತಿರ ನಿಂತಿದ್ದಾಗ ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ಹತ್ತಿರ ಬಂದರು.

“ನಿಮ್ಮಪ್ಪನೇ ಕಣಪ್ಪ.”

“ಅಂಗನ್ಬ್ಯಾಡಿ ಅಮ್ಮಾ.”

“ಇನ್ಯಾರು ಮತ್ತೆ? ನೋಡು, ಈಗ್ಲೂ ಒಳಕ್ಕೆ ಬರಾಕಿಲ್ಲ. ಅದ್ಕೇ ಕಾರ್ನೇ ಆಚ್ಗೆ ಕರ್ಕತಾನೆ.” ಅವರು ಗೂಡಿನ ಕಡೆ ನೋಡಿದರು. “ಪೂಜೆಗೆ ಕೂರಕ್ ಮುಂಚೆ ಲೋಟಕ್ಕೆ ಕಾಫಿ ಬಿಟ್ಟಿಡ್ತೀನಿ. ಎದ್ದು ಬರೋ ಹೊತ್ಗೆ ತೊಳ್ದು ಕವುಚಿರ್ತಾನೆ. ಬದುಕಿದ್ದಾಗ ಹೆಂಗೋ ಹಂಗೇಯ.”

“ನೀವೇ ಕಾಫಿ ಇಡ್ತೀರಾ?”

“ಇಡ್ದೆ ಏನ್ ಮಾಡ್ಲಪ್ಪ? ಒಂದಿನಾನೂ ಕೈಗೆ ಕೊಟ್ಟೋರಲ್ಲ ನಾವು. ಕೇಳಕ್ ಬಂದವ್ನೆ.”

ಆ ರಾತ್ರಿ ಊಟದ ಹೊತ್ತಿನಲ್ಲಿ ಧರ್ಮೇಂದ್ರ ಇದನ್ನು ಹೆಂಡತಿ ರಂಜಿನಿಗೆ ಹೇಳಿದರು. ರಂಜಿನಿ ಅನ್ನ ಬಡಿಸುವ ಕೈ ನಿಲ್ಲಿಸಿದರು.

“ಸತ್ ಮ್ಯಾಲೂ ಆ ಮನೆ ಚಾಕ್ರೀನಾ ಮಾವಯ್ಯಂಗೆ? ದೆವ್ವ ಆದೋರು ನಮ್ ಮನೆ ಮಿಕ್ಸಿಯಾದ್ರೂ ರಿಪೇರಿ ಮಾಡ್ಬೋದಿತ್ತು.”

“ನಗ್ಬ್ಯಾಡ ಕಣೆ.”

“ನಾನೆಲ್ ನಗ್ತಿದೀನಿ? ಮಿಕ್ಸಿ ಕೆಟ್ಟು ತಿಂಗ್ಳಾಯ್ತು. ಮನೇಲೇ ಎಲೆಕ್ಟ್ರಿಷಿಯನ್ ಇಟ್ಕಂಡು ಒಳಕಲ್ಲಲ್ಲಿ ರುಬ್ತಾ ಇವ್ನಿ.”

ಆದರೆ ಮಲಗುವ ಮುಂಚೆ ಅವರೇ ಎದ್ದು, ಹಲಗೆಯ ಮೇಲಿದ್ದ ಮಾವನ ಫೋಟೋದ ಮುಂದೆ ಒಂದು ಲೋಟ ಟೀ ಇಟ್ಟದ್ದನ್ನು ಧರ್ಮೇಂದ್ರ ಕಂಡರು. ಮನೆಯಲ್ಲಿ ಅಪ್ಪ ಕುಡಿಯುತ್ತಿದ್ದ ಸ್ಟೀಲ್ ಲೋಟ ಅದು. ಬೆಳಿಗ್ಗೆ ಟೀ ಹಾಗೇ ಕೆನೆಗಟ್ಟಿ ಕೂತಿತ್ತು.

ಧರ್ಮೇಂದ್ರ ದೆವ್ವ ನಂಬುವವರಲ್ಲ. ಆದರೆ ಆ ಗೆರೆಗಳನ್ನು ನಂಬದೆ ಇರಲು ಅವರಿಗೆ ಆಗಲಿಲ್ಲ. ಗುರುವಾರ ಯಾರಿಗೂ ತಿಳಿಸದೆ, ಸೌಜನ್ಯರಿಗೆ ಮಾತ್ರ ಫೋನು ಮಾಡಿ, ಬೆಳಗಾಗುತ್ತಿದ್ದಂತೆ ಬೈಕ್ ತೆಗೆದರು. ಹೊಳೆಯ ಮೇಲಿನಿಂದ ಎದ್ದ ಮಂಜು ಪೇಟೆಯ ಬೀದಿಗೂ ಇಳಿದಿತ್ತು. ಆ ಮನೆಯ ಎದುರಿನ ಮುಚ್ಚಿದ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಅವರು ನಿಂತರು. ಕಾಂತರಾಜು ಲೋಡು ಇಳಿಸಲು ಅಂಗಡಿಗೆ ಹೋಗಿದ್ದರು. ಸೌಜನ್ಯ ಅಡುಗೆಮನೆಯಲ್ಲಿ ಮಗಳ ಡಬ್ಬಿ ಕಟ್ಟುತ್ತಿದ್ದರು. ಆ ಕಿಟಕಿಗೆ ಬೀದಿ ಕಾಣುವುದಿಲ್ಲ.

ನೀಲಾಂಬಿಕೆ ಹೊರಗೆ ಬಂದರು. ಚೊಂಬಿನಿಂದ ಗೂಡಿನ ಲೋಟಕ್ಕೆ ಮೇಲಿಂದಲೇ ಕಾಫಿ ಬಿಟ್ಟರು. ಕೈ ಮುಗಿದರು. ಒಳಗೆ ಹೋದರು. ದೇವರ ಮನೆಯ ಬಾಗಿಲು ಹಾಕಿಕೊಂಡ ಸದ್ದು ಬೀದಿಗೆ ಕೇಳಿಸಿತು. ಇಷ್ಟಲಿಂಗ ಪೂಜೆಗೆ ಕೂತರೆ ಅವರು ಏಳುವುದು ತಡ.

ಶೆಡ್ಡಿನ ಬಾಗಿಲು ಒಳಗಿನಿಂದ ತೆರೆಯಿತು. ಕಪ್ಪು ಕಾರು ಮಂಜಿನೊಳಗೆ ಹಿಂದುಹಿಂದಾಗಿ ಉರುಳಿಕೊಂಡು ಬಂತು. ಇಂಜಿನ್ ಸದ್ದಿಲ್ಲ, ಸೀಟಿನಲ್ಲಿ ಯಾರೂ ಇಲ್ಲ. ಹೊಂಗೆಯ ಬೇರಿಗೆ ಮೆತ್ತಗೆ ತಾಗಿ ನಿಂತಿತು. ಆಮೇಲೆ ಕಾರಿನ ಆಚೆ ಬದಿಯಿಂದ, ಬಾಗಿಲಿನ ಕಂಬ ಹಿಡಿದು ಜೊತೆಗೇ ನಡೆದು ಬಂದಿದ್ದ ಮನುಷ್ಯ ನೆಟ್ಟಗಾದರು.

ಪಾಲಾಕ್ಷ. ಪಂಚೆ ಎತ್ತಿ ಕಟ್ಟಿದ್ದರು, ತಲೆಗೆ ಟವೆಲ್ ಸುತ್ತಿದ್ದರು. ಬರಿಮೈ. ಕೊರಳಲ್ಲಿ ಯಾವತ್ತೂ ಇರುತ್ತಿದ್ದ ಲಿಂಗದ ಬೆಳ್ಳಿ ಕರಡಿಗೆ ಇರಲಿಲ್ಲ. ಶೆಡ್ಡಿನ ಬಾಗಿಲ ಮೊಳೆಗೆ ಅದು ದಾರದ ಸಮೇತ ನೇತಾಡುತ್ತಿತ್ತು. ಸಾಯುವವರೆಗೆ ಮೈಯಿಂದ ಬಿಡಿಸಬಾರದ್ದನ್ನು ಅವರು ಶರಟು ತೂಗುಹಾಕಿದಂತೆ ಹಾಕಿ ಬಂದಿದ್ದರು.

ಅವರು ಗೂನು ಬೆನ್ನಿನಲ್ಲಿ ನಡೆದು ಬಂದು ಬಾನೆಟ್ ಎತ್ತಿದರು. ಪಾಲಾಕ್ಷರಿಗೆ ಗೂನಿಲ್ಲ, ಇದ್ದದ್ದು ಮಂಚಯ್ಯನವರಿಗೆ. ಮುಚ್ಚಳ ಬಿಡಿಸಿ ರೋಟರ್ ತೆಗೆದರು. ಗೂಡಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕಾಫಿ ಕುಡಿದರು. ಲೋಟವನ್ನು ನಲ್ಲಿಯಲ್ಲಿ ತೊಳೆದು ರೋಟರಿನ ಮೇಲೆ ಕವುಚಿದರು. ಸೊಂಟದಿಂದ ಒಂದು ಚಿಕ್ಕ ಸೀಸೆ ತೆಗೆದು ಮಡ್‌ಗಾರ್ಡಿನ ಮೇಲಿಟ್ಟರು. ಸಿಂಧುವಿನ ತಲೆಗೆ ಹಚ್ಚುವ ಹರಳೆಣ್ಣೆಯ ಸೀಸೆ. ಕಾರಿನ ಟೂಲ್ ಚೀಲದಲ್ಲಿದ್ದ ಅರವನ್ನು ಎಡಗೈಯಲ್ಲಿ ಹಿಡಿದರು. ಸುಮ್ಮನೆ ಕೂತಾಗ ಎಲೆಯಂತೆ ನಡುಗುವ ಆ ಕೈ ಈಗ ನಡುಗುತ್ತಿರಲಿಲ್ಲ. ನಾಲಿಗೆ ಅಂಗುಳಿಗೆ ಬಡಿದು ಲೊಚ್ ಎಂದಿತು.

ಧರ್ಮೇಂದ್ರ ತಮಗೆ ತಿಳಿಯದೆಯೇ ಬೀದಿ ದಾಟಿದ್ದರು. ಮುದುಕರು ತಲೆ ಎತ್ತಿ ನೋಡಿದರು.

“ಯಾಕ್ಲಾ ಗೊದ್ದ, ಇಸ್ಕೂಲ್ಗೆ ಓಗ್ಲಿಲ್ವಾ?”

ಗೊದ್ದ ಎಂದು ಅವರನ್ನು ಕರೆಯುತ್ತಿದ್ದುದು ಅಪ್ಪ ಒಬ್ಬರೇ. ಗೊದ್ದದ ಇರುವೆಯ ಹಾಗೆ ಕಪ್ಪಗೆ, ಚುರುಕಾಗಿ ಇದ್ದನೆಂದು. ಹೈಸ್ಕೂಲು ಸೇರಿದ ಮೇಲೆ ಅಪ್ಪನೂ ಕರೆಯಲಿಲ್ಲ. ಚಿಕ್ಕಂದಿನಲ್ಲಿ ಧರ್ಮೇಂದ್ರ ಈ ಬೀದಿಗೆ ಬಂದವರೂ ಅಲ್ಲ. ಕೆಲಸ ಮಾಡುತ್ತ ಮಂಚಯ್ಯ ಮಗನ ವಿಷಯ ಆಡಿದ್ದಿರಬಹುದು, ಜಗಲಿಯ ಮೇಲಿನ ಕಿವಿ ಕೇಳಿಸಿಕೊಂಡಿದ್ದಿರಬಹುದು. ಇದೆಲ್ಲ ಹೊಳೆದದ್ದು ಆಮೇಲೆ. ಆ ಹೊತ್ತಿನಲ್ಲಿ ಅವರ ಬಾಯಿಂದ ಬಂದದ್ದು, “ರಜಾ ಕಣಪ್ಪೋ,” ಎಂಬ ಮಾತು.

“ಅತ್ಲಾಗ್ ನಿಂತ್ಕೊ ಮಗ. ಬುದ್ಧಿಯೋರು ಕಂಡ್ರೆ ಬಯ್ತಾರೆ.”

ಧರ್ಮೇಂದ್ರ ಆ ಕಡೆ ಸರಿದು ನಿಂತರು. ಅರ ಎಳೆಯುವ ಸದ್ದು ಸಣ್ಣಗೆ, ಒಂದೇ ಹದದಲ್ಲಿ ಕೇಳುತ್ತಿತ್ತು. ಕಾಗದದ ಚೂರು ಮೊನೆಗಳ ನಡುವೆ ಎಳೆದದ್ದಾಯಿತು. ಅದೇ ಕಾಗದ, ಕಾರು ಏಳದಂತೆ ಧರ್ಮೇಂದ್ರ ಸೋಮವಾರ ಸಿಕ್ಕಿಸಿದ್ದು. ಒಂದು ಹನಿ ಎಣ್ಣೆಯೂ ಆಯಿತು. ಆಮೇಲೆ ಮುದುಕರು ಟವೆಲ್ ಬಿಚ್ಚಿ ಕಂಕುಳಿಗೆ ಇಟ್ಟುಕೊಂಡು, ನೆಲ ನೋಡುತ್ತ, ಜಗಲಿಯ ಕಡೆಗೆ ತಿರುಗಿದರು.

“ಬುದ್ಧೀ, ಸುರು ಮಾಡ್ಲಾ?”

ಜಗಲಿ ಖಾಲಿಯಿತ್ತು. ಕಾರು ಈವರೆಗೆ ಯಾಕೆ ಎದ್ದಿರಲಿಲ್ಲ ಎಂಬುದು ಧರ್ಮೇಂದ್ರರಿಗೆ ಆಗ ಅರ್ಥವಾಯಿತು. ಹೂಂ ಎನ್ನಬೇಕಾದ ಯಜಮಾನ ಕೆಳಗೆ ಬೀದಿಯಲ್ಲಿ ನಿಂತು ಕೇಳುತ್ತಿದ್ದರು. ಮೇಲಿಂದ ಉತ್ತರ ಬರುವಂತಿರಲಿಲ್ಲ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಶಾಲೆಯ ಬ್ಯಾಗು ಹೊತ್ತ ಸಿಂಧು ಹೊರಗೆ ಬಂದು, ಕಾರು ಕಂಡವಳೇ ಹಿಂದಿನ ಬಾಗಿಲು ತೆಗೆದು ಹತ್ತಿ ಕೂತಳು. “ತಾತ, ರೌಂಡು!” ಅದೇ ಹೊತ್ತಿಗೆ ಹಣೆಯ ತುಂಬ ವಿಭೂತಿ ಇಟ್ಟುಕೊಂಡ ನೀಲಾಂಬಿಕೆ ಜಗಲಿಗೆ ಬಂದರು. ಮರದ ಕೆಳಗಿನ ಗಂಡನನ್ನು ನೋಡಿದರು. ಆ ಗೂನನ್ನು, ಎಡಗೈಯಲ್ಲಿದ್ದ ಅರವನ್ನು ನೋಡಿದರು. ಕೈ ತಾನಾಗಿ ಮುಗಿಯಿತು.

“ಬುದ್ಧೀ, ಸುರು ಮಾಡ್ಲಾ?” ಮುದುಕರು ಮತ್ತೆ ಕೇಳಿದರು.

ಗಂಡನ ಮೈಮೇಲೆ ಬಂದಿರುವ ಮಂಚಯ್ಯ ಕೇಳಿದ್ದಕ್ಕೆ ಇಲ್ಲ ಎನ್ನುವ ಧೈರ್ಯ ಆ ಹೆಂಗಸಿಗಿರಲಿಲ್ಲ. ಅವರ ತಲೆ ನಿಧಾನವಾಗಿ ಕೆಳಗೆ ಬಾಗಿತು.

ಮುದುಕರು ಲೋಟ ಎತ್ತಿದರು. ರೋಟರನ್ನು ಕೂರಿಸಿದರು, ಮುಚ್ಚಳ ಹಾಕಿದರು, ಒಂದು ಕ್ಲಿಪ್ಪು ಕಚ್ಚಿತು. ಬೀದಿ ಅಲ್ಲಿಂದ ಹೊಳೆಯವರೆಗೂ ಇಳಿಜಾರು.

ಕೈ ಹಿಡಿದು ಎಳೆಯಬಹುದಿತ್ತು. ಆದರೆ ಅಡ್ಡ ಬಂದವರನ್ನು ಪಾಲಾಕ್ಷ ಏನು ಮಾಡುತ್ತಾರೆಂದು ಸೌಜನ್ಯ ಹೇಳಿದ್ದರು, ಕಾರಿನಲ್ಲಿ ಮಗುವಿತ್ತು. ಧರ್ಮೇಂದ್ರ ಗೇಟು ದಾಟಿ ಜಗಲಿಯ ಮೆಟ್ಟಿಲು ಹತ್ತಿದರು. ಅಪ್ಪ ಒಂದು ದಿನವೂ ಹತ್ತದ ಮೆಟ್ಟಿಲು. ನೀಲಾಂಬಿಕೆಯವರ ಪಕ್ಕದಲ್ಲಿ, ಕೈ ಹಿಂದೆ ಕಟ್ಟಿ ನಿಂತರು.

“ಲೇ ಮಂಚ.”

ಮುದುಕರ ಕೈ ನಿಂತಿತು.

“ಇವತ್ತು ಬ್ಯಾಡ. ನಾಳೆ ಬಾ.”

“ಆಯ್ತು ಬುದ್ಧಿ,” ಎಂದರು ಪಾಲಾಕ್ಷ. ಮೇಲೆ ನೋಡಲಿಲ್ಲ. ಕ್ಲಿಪ್ಪು ಬಿಡಿಸಿ ರೋಟರ್ ತೆಗೆದು ಲೋಟದ ಕೆಳಗೆ ಇಟ್ಟರು. ಬಾನೆಟ್ ಇಳಿಸಿದರು. ಹಿಂದಿನ ಬಾಗಿಲ ಹತ್ತಿರ ಹೋಗಿ, ಮುಟ್ಟದೆ ದೂರದಿಂದಲೇ ಮೊಮ್ಮಗಳಿಗೆ ಹೇಳಿದರು: “ಇಳೀರವ್ವ. ಬುದ್ಧಿಯೋರು ಬ್ಯಾಡ ಅಂದವ್ರೆ.”

ಸಿಂಧು ಇಳಿದು, ಅಳು ಬಂದು, ಅಜ್ಜಿಯ ಸೆರಗು ಹಿಡಿದುಕೊಂಡಳು. ಪಾಲಾಕ್ಷ ಶೆಡ್ಡಿಗೆ ಹೋಗಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು, ಬರಿಗಾಲಿನಲ್ಲಿ, ಹಾಸನದ ಬಸ್ಸು ನಿಲ್ಲುವ ಕಡೆಗೆ ನಡೆಯತೊಡಗಿದರು. ಧರ್ಮೇಂದ್ರ ಹಿಂದೆಯೇ ಹೋದರು. ನಿಲ್ದಾಣದಲ್ಲಿ ಕಾಲೇಜು ಹುಡುಗಿಯರು, ಹಾಲಿನ ಕ್ಯಾನಿನವರು ನಿಂತಿದ್ದರು. ಪಾಲಾಕ್ಷ ಅವರೆಲ್ಲರಿಂದ ಒಂದು ಮಾರು ದೂರ, ಮೋರಿಯ ಅಂಚಿನಲ್ಲಿ ನಿಂತರು. ಅಪ್ಪನೂ ಬಸ್ಸಿಗೆ ಹಾಗೇ ನಿಲ್ಲುತ್ತಿದ್ದರು.

ಸೌಜನ್ಯ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಓಡಿ ಬಂದು ಮಾವನ ಕೊರಳಿಗೆ ಹಾಕಿದರು. ಪಾಲಾಕ್ಷ ಅದನ್ನು ಮುಟ್ಟಿ ನೋಡಿಕೊಂಡರು. ಬೆನ್ನು ನೆಟ್ಟಗಾಯಿತು. ಕೈ ನಡುಗತೊಡಗಿತು.

“ಯಾರು, ಧರ್ಮೇಂದ್ರನಾ? ಕಾರು ರೆಡಿ ಆಯ್ತೇನಪ್ಪ?”

“ಇನ್ನೂ ಇಲ್ಲ ಸಾ.”

“ನಿನ್ ಕೈಲಿ ಆಗ್ದು. ನಿಮ್ಮಪ್ಪಂಗೆ ಬರಕ್ಕೇಳು.”

ಸಂಜೆ ಧರ್ಮೇಂದ್ರ ಎಲ್ಲವನ್ನೂ ರಂಜಿನಿಗೆ ಹೇಳಿದರು. ಈ ಸಲ ಆಕೆ ತಮಾಷೆ ಮಾಡಲಿಲ್ಲ.

“ಜಗ್ಲಿ ಮ್ಯಾಲ್ ನಿಂತ್ಕಂಡು ಮಾವಯ್ಯನ್ನ ಮಂಚ ಅಂದ್ರಾ?”

“ಅಂದೆ.”

“ಏನ್ ಅಂದ್ರು?”

“ಆಯ್ತು ಬುದ್ಧಿ ಅಂದ್ರು.”

ರಂಜಿನಿ ಎದ್ದು ಒಲೆಯ ಹತ್ತಿರ ಹೋದರು. ತುಂಬ ಹೊತ್ತು ಆ ಕಡೆಗೇ ಮುಖ ಮಾಡಿ ಪಾತ್ರೆ ತೊಳೆದರು.

ಹಾಸನದ ವೈದ್ಯರೊಬ್ಬರು ಮಾತ್ರೆ ಬದಲಾಯಿಸಿದ್ದಾರೆ. ಅದರಿಂದ ನಿದ್ದೆ ಬರುತ್ತಿದೆ, ಬೇರೆ ವ್ಯತ್ಯಾಸವಿಲ್ಲ. ಒಂದು ದಿನ ಮನೆಯವರು ರೋಟರನ್ನು ತೆಗೆದಿಟ್ಟು ನೋಡಿದರು. ಪಾಲಾಕ್ಷ ಮೋರಿಯೊಳಗೆಲ್ಲ ಕೈಯಾಡಿಸಿ ಹುಡುಕಿ, ಬುದ್ಧಿ ಬಯ್ಯುತ್ತಾರೆಂದು ಅತ್ತರು. ಮರುದಿನ ಅದನ್ನು ವಾಪಸು ಇಡಲಾಯಿತು. ಕಾಂತರಾಜು ಜಗಲಿಯಿಂದ “ಅಪ್ಪಾ, ಸಾಕು ಬನ್ನಿ” ಎಂದು ಕೂಗಿ ನೋಡಿದರು. ಮುದುಕರು ಅತ್ತಿತ್ತ ನೋಡಿ, ಯಾರನ್ನೋ ಕರೆಯುತ್ತಿದ್ದಾರೆಂದುಕೊಂಡು ಕೆಲಸ ಮುಂದುವರಿಸಿದರು. ಮಂಚ ಎಂದರೆ ಮಾತ್ರ ಕೇಳುತ್ತಾರೆ.

ಹಾಗಾಗಿ ಈಗ ವಾರದ ದಿನಗಳಲ್ಲಿ “ಮಂಚ, ನಾಳೆ ಬಾ” ಎಂಬ ಮಾತು ಹೇಳುವವರು ಸೌಜನ್ಯ. ಸಿಂಧುವನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಬಂದು ಜಗಲಿಯ ಮೇಲೆ ನಿಲ್ಲುತ್ತಾರೆ. ಹೇಳಿದ ಕೂಡಲೇ ಕರಡಿಗೆ ಹಿಡಿದು ಕೆಳಗಿಳಿಯುತ್ತಾರೆ. ನೀಲಾಂಬಿಕೆ ಆ ಹೊತ್ತಿನಲ್ಲಿ ದೇವರ ಮನೆಯ ಬಾಗಿಲು ತೆಗೆಯುವುದಿಲ್ಲ. ಕಾಫಿ ಇಡುವುದನ್ನು ಅವರು ಬಿಟ್ಟಿಲ್ಲ. ಗಂಡ ಕುಡಿಯುತ್ತಾರೆಂದು ಗೊತ್ತಾದ ಮೇಲೂ ಗೂಡಿನ ಲೋಟಕ್ಕೆ ಮೇಲಿಂದಲೇ ಬಿಡುತ್ತಾರೆ. ಒಂದು ದಿನ ಸೌಜನ್ಯ ಸ್ಟೀಲ್ ಲೋಟವನ್ನು ಕೈಗೆ ಕೊಡಲು ಹೋದಾಗ ಮುದುಕರು ಗಾಬರಿಯಾಗಿ ಹಿಂದೆ ಸರಿದಿದ್ದರು.

ಸೋಮವಾರ ಮಾತ್ರ ಜಗಲಿ ಹತ್ತುವುದು ಧರ್ಮೇಂದ್ರ. ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಮರದ ಕೆಳಗೆ ನಿಂತು ಕೆಲಸ ನೋಡುತ್ತಾರೆ. ಹೋದ ವಾರ ಮುದುಕರು ಅರ ನಿಲ್ಲಿಸಿ, ಅವರ ಕಡೆ ನೋಡದೆಯೇ, “ಗ್ರೀಸ್ ಅಚ್ಬ್ಯಾಡ ಕಣ್ಲಾ, ಸಿಡೀತದೆ,” ಎಂದರು. ಧರ್ಮೇಂದ್ರ ಹೂಂ ಎಂದರು.

ದಿನವೂ ಅರ ಬಿದ್ದು ಪಾಯಿಂಟಿನ ಮೊನೆಗಳು ಸವೆದು ಕಾಗದದಷ್ಟು ತೆಳ್ಳಗಾಗಿವೆ. ಓಡದ ಕಾರಿಗೆ ಧರ್ಮೇಂದ್ರ ಬೆಂಗಳೂರಿನಿಂದ ಹೊಸ ಜೋಡಿ ತರಿಸಿದ್ದಾರೆ. ಬರುವ ಸೋಮವಾರ ಹಾಕುತ್ತಾರೆ.